ಆಪರೇಷನ್ನಿಂದ ಮುಂದಿನ ಕೀಮೋವರೆಗೆ: ಮಕ್ಕಳ ಚೇತರಿಕೆಯ ಮೂರು ವಾರ

ಮಗುವಿನ ಹೊಟ್ಟೆಯಿಂದ ಗೆಡ್ಡೆ ತೆಗೆದು ಸರ್ಜನ್ ಹೊರಗೆ ಬಂದಾಗ ಮನೆಯವರು ಕೇಳುವುದು ಎರಡು ಮಾತು. ‘ಪೂರ್ತಿ ತೆಗೆದ್ರಾ ಸರ್?’ ಆಮೇಲೆ, ‘ಮನೆಗೆ ಯಾವತ್ತು ಕಳಿಸ್ತೀರ?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಚೇತರಿಕೆಯನ್ನು ಅಳೆಯಬೇಕಾದ ದಿನ ಬೇರೆಯೇ ಇದೆ. ಅದು ಮುಂದಿನ ಕೀಮೋ ಶುರುವಾಗುವ ದಿನ.

ದೊಡ್ಡವರ ಎಷ್ಟೋ ಕ್ಯಾನ್ಸರುಗಳಲ್ಲಿ ಆಪರೇಷನ್ನೇ ಮುಖ್ಯ ಚಿಕಿತ್ಸೆ. ಮಕ್ಕಳಲ್ಲಿ ಅದು ಬಹುಪಾಲು ಎರಡು ಕೀಮೋ ಕಂತುಗಳ ನಡುವೆ ಬರುವ ಘಟ್ಟ. ಮೂತ್ರಪಿಂಡದ ವಿಲ್ಮ್ಸ್ ಗೆಡ್ಡೆಯನ್ನೇ ತೆಗೆದುಕೊಳ್ಳಿ. ಯುರೋಪಿನ ಪದ್ಧತಿಯಲ್ಲಿ, ಬೇರೆಡೆಗೆ ಹರಡದ ಗೆಡ್ಡೆಗೆ ಮೊದಲು 4 ವಾರ ವಿನ್‌ಕ್ರಿಸ್ಟಿನ್ ಮತ್ತು ಆಕ್ಟಿನೋಮೈಸಿನ್ ಎಂಬ ಕೀಮೋ ಔಷಧಗಳನ್ನು ಕೊಡುತ್ತಾರೆ. ಭಾರತದ ಅನೇಕ ಕೇಂದ್ರಗಳಲ್ಲೂ ಇದೇ ರೂಢಿ. ಆಮೇಲೆ ಗೆಡ್ಡೆಯ ಸಮೇತ ಆ ಮೂತ್ರಪಿಂಡವನ್ನು ತೆಗೆದು, ಸುಮಾರು 3 ವಾರದೊಳಗೆ ಮತ್ತೆ ಕೀಮೋ ಹಿಡಿಯಬೇಕು. ಮೊಣಕಾಲಿನ ಆಸುಪಾಸಿನಲ್ಲಿ ಹುಟ್ಟುವ ಆಸ್ಟಿಯೋಸಾರ್ಕೋಮಾಗೆ ಸುಮಾರು 10 ವಾರದ ಕೀಮೋ, ಆಪರೇಷನ್, ಮತ್ತೆ ಕೀಮೋ. ಈ ಮೂಳೆ ಗೆಡ್ಡೆಯಲ್ಲಿ ಆಪರೇಷನ್ನಾಗಿ 21 ದಿನ ಮೀರಿದ ಮೇಲೆ ಕೀಮೋ ಶುರುವಾದವರ ಫಲಿತಾಂಶ ಹಿಂದೆ ಬಿದ್ದದ್ದು ಅಧ್ಯಯನದಲ್ಲಿ ಕಂಡಿದೆ. ಕಣ್ಣಿಗೆ ಕಾಣುವ ಗೆಡ್ಡೆ ಹೋಗಿದ್ದರೂ ಶ್ವಾಸಕೋಶದಲ್ಲಿ ಅಡಗಿರಬಹುದಾದ ಕ್ಯಾನ್ಸರ್ ಕಣಗಳಿಗೆ ಆ ವಾರಗಳಲ್ಲಿ ಬೆಳೆಯಲು ಅಡ್ಡಿಯೇ ಇರುವುದಿಲ್ಲ. ಹಾಗಾಗಿ ಐದನೇ ದಿನ ಮನೆಗೆ ಹೋಗಿ ಹನ್ನೆರಡನೇ ದಿನ ಗಾಯ ಕೀವಾಗಿ ವಾಪಸ್ ಬಂದ ಮಗುವಿಗಿಂತ, ಎಂಟನೇ ದಿನ ಹೋಗಿ ಹದಿನೈದನೇ ದಿನ ಕೀಮೋ ಹಾಕಿಸಿಕೊಳ್ಳಲು ಬಂದ ಮಗುವೇ ಚೆನ್ನಾಗಿ ಚೇತರಿಸಿಕೊಂಡಿದೆ.

ಆಪರೇಷನ್ ನಂತರದ ಚೇತರಿಕೆಯನ್ನು ಯೋಜನೆ ಹಾಕಿ ಬೇಗ ಮಾಡಬಹುದು ಎಂಬ ವಿಚಾರ 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ ಅವರಿಂದ ಬಲ ಪಡೆಯಿತು. ಅವರು ನೋಡುತ್ತಿದ್ದದ್ದು ದೊಡ್ಡವರ ದೊಡ್ಡ ಕರುಳಿನ ಆಪರೇಷನ್‌ಗಳನ್ನು. ಉಪವಾಸ ಕಡಿಮೆ ಮಾಡು, ಡ್ರಿಪ್ ಅತಿಯಾಗಿ ಸುರಿಯಬೇಡ, ನೋವಿಗೆ ಒಂದೇ ಔಷಧ ನೆಚ್ಚಬೇಡ, ನಳಿಕೆಗಳನ್ನು ಬೇಗ ತೆಗೆ, ಬೇಗ ಎಬ್ಬಿಸಿ ಕೂರಿಸು. ಒಂದೊಂದೂ ಸಣ್ಣ ಸಂಗತಿ, ಎಲ್ಲ ಸೇರಿದಾಗ ದಿನಗಳೇ ಉಳಿದವು. ಮಕ್ಕಳ ವಿಭಾಗಕ್ಕೆ ಇದು ಬಂದದ್ದು ತಡವಾಗಿ. ನವಜಾತ ಶಿಶುಗಳ ಕರುಳಿನ ಆಪರೇಷನ್‌ಗೆ ಇಂಥ ಅಂತರರಾಷ್ಟ್ರೀಯ ಮಾರ್ಗಸೂಚಿ ಹೊರಬಂದಾಗ 2020 ಆಗಿತ್ತು. ದೊಡ್ಡವರ ಪಟ್ಟಿಯನ್ನು ಹಾಗೇ ಇಳಿಸಿಕೊಂಡರೆ ಕ್ಯಾನ್ಸರ್ ಮಗುವಿಗೆ ಹೊಂದುವುದಿಲ್ಲ. ಈ ಮಗುವಿನ ಮೈ ಆಗಲೇ ಕೀಮೋ ಕಂಡಿದೆ. ಕರುಳು ನಿಧಾನ, ಬಿಳಿ ರಕ್ತಕಣ ಕಡಿಮೆ, ಪಾದದ ನರ ಸೋತಿರಬಹುದು, ಹಿಂದೆ ಡಾಕ್ಸೋರುಬಿಸಿನ್ ಎಂಬ ಕೀಮೋ ಔಷಧ ಹೋಗಿದ್ದರೆ ಹೃದಯಕ್ಕೂ ಒಂದು ಎಕೋ ಸ್ಕ್ಯಾನ್ ಬೇಕು.

ತೂಕ ಹೇಳುವ ಸುಳ್ಳು

ಕೆಲಸ ಶುರುವಾಗಬೇಕಾದದ್ದು ಆಪರೇಷನ್ನಿಗೆ ಮೂರು ನಾಲ್ಕು ವಾರ ಮೊದಲೇ, ತೋಳಿನ ಸುತ್ತಳತೆಯಿಂದ. ಹೊಟ್ಟೆಯಲ್ಲಿ ಗೆಡ್ಡೆ ಇರುವ ಮಗುವಿನ ತೂಕವನ್ನು ನಂಬಬಾರದು. ತಕ್ಕಡಿ 14 ಕಿಲೋ ತೋರಿಸಿದರೆ ಅದರಲ್ಲಿ ಒಂದೂವರೆ ಕಿಲೋ ಗೆಡ್ಡೆಯದ್ದೇ ಇರಬಹುದು. ಆಗ ಮಗುವಿನ ನಿಜವಾದ ತೂಕ ಹನ್ನೆರಡೂವರೆ. ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕಿ ಸರಿಯಾದ ಜಾಗಕ್ಕೇ ಬೀಳುತ್ತದೆ, ತೋಳು ನೋಡಿದರೆ ಕಡ್ಡಿ. ಆಶಾ ಕಾರ್ಯಕರ್ತೆಯರು ಬಳಸುವ ಮೂರು ಬಣ್ಣದ ಪಟ್ಟಿ ಇಲ್ಲಿ ದುಬಾರಿ ಯಂತ್ರಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಎಡಗೈ ಇಳಿಬಿಟ್ಟು, ಭುಜದ ತುದಿ ಮತ್ತು ಮೊಣಕೈ ತುದಿಯ ನಟ್ಟನಡುವೆ, ಬಿಗಿಯದೆ ಸುತ್ತಬೇಕು. 6 ತಿಂಗಳಿಂದ 5 ವರ್ಷದೊಳಗಿನ ಮಗುವಿಗೆ 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಅಪೌಷ್ಟಿಕತೆ, 11.5ಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ.

ಕೀಮೋ ನಡೆಯುವ ಆ ನಾಲ್ಕು ವಾರವೇ ಮೈಗೂಡಿಸಿಕೊಳ್ಳಲು ಸಿಗುವ ಸಮಯ. ವಾರಕ್ಕೊಮ್ಮೆ ಕೀಮೋಗೆ ಬಂದಾಗ ತೋಳು ಅಳೆದು ಬರೆದಿಡುವುದು ಎರಡು ನಿಮಿಷದ ಕೆಲಸ, ಆದರೂ ಬಹಳ ಕಡೆ ಆಗುವುದಿಲ್ಲ. ಊಟದ ಲೆಕ್ಕವೂ ಹೀಗೇ ತಪ್ಪುತ್ತದೆ. ರಾಗಿ ಗಂಜಿ ಶಕ್ತಿ ಎಂದು ಮೂರು ಹೊತ್ತೂ ಅದನ್ನೇ ಕುಡಿಸುವ ಮನೆಗಳಿವೆ. ಒಂದು ಲೋಟ ತೆಳು ಗಂಜಿಗೆ ಹೋಗುವ ಹಿಟ್ಟು ಸುಮಾರು 20 ಗ್ರಾಂ. ಅದರಲ್ಲಿ ಪ್ರೋಟೀನ್ ಒಂದೂವರೆ ಗ್ರಾಂ, ಶಕ್ತಿ 70 ಕ್ಯಾಲೊರಿಯ ಒಳಗೆ. ಆಪರೇಷನ್ ಎದುರಿಸಬೇಕಾದ 14 ಕಿಲೋ ಮಗುವಿಗೆ ದಿನಕ್ಕೆ ಕಿಲೋಗೆ ಒಂದೂವರೆಯಿಂದ ಎರಡು ಗ್ರಾಂ, ಅಂದರೆ 21ರಿಂದ 28 ಗ್ರಾಂ ಪ್ರೋಟೀನ್ ಬೇಕು. ಒಂದು ಪೂರ್ತಿ ಬೆಂದ ಮೊಟ್ಟೆ 6 ಗ್ರಾಂ, 300 ಮಿಲಿ ಹಾಲು 9 ಗ್ರಾಂ, 30 ಗ್ರಾಂ ಹೆಸರುಬೇಳೆ 7 ಗ್ರಾಂ, ಅಲ್ಲಿಗೆ 22. ಮೊಟ್ಟೆ ತಿನ್ನದ ಮನೆಯಲ್ಲಿ ಗಂಜಿಯನ್ನೇ ಗಟ್ಟಿ ಮಾಡಿ ಹಾಲು, ಎರಡು ಚಮಚ ಹುರಿದ ಶೇಂಗಾ ಪುಡಿ, ಒಂದು ಚಮಚ ತುಪ್ಪ, ಬೆಲ್ಲ ಸೇರಿಸಬಹುದು. ಹೊಟ್ಟೆಯೊಳಗೆ ಗೆಡ್ಡೆ ಒತ್ತುವುದರಿಂದ ಮಗು ಒಂದೇ ಸಲ ಹೆಚ್ಚು ತಿನ್ನಲಾರದು. ಆರೇಳು ಸಣ್ಣ ಹೊತ್ತಾಗಿ ಕೊಡಬೇಕು. ಅಷ್ಟಕ್ಕೂ ತೋಳು ಏರದಿದ್ದರೆ ಮೂಗಿನ ಸಣ್ಣ ನಳಿಕೆಯಲ್ಲಿ ರಾತ್ರಿ ಹಾಲಿನ ಆಹಾರ ಬಿಡುವುದು ಒಳ್ಳೆಯ ದಾರಿ. ತೀರ ಬತ್ತಿಹೋದ ಮಗುವಿಗೆ ಒಮ್ಮೆಲೇ ಸುರಿಯಬಾರದು. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಅಪಾಯ.

ರಾತ್ರಿ ಹನ್ನೆರಡರ ಉಪವಾಸ

‘ರಾತ್ರಿ ಹನ್ನೆರಡರ ಮೇಲೆ ಏನೂ ಕೊಡಬೇಡಿ’ ಎಂಬ ಆದೇಶ ಇನ್ನೂ ಎಷ್ಟೋ ವಾರ್ಡುಗಳಲ್ಲಿ ಜೀವಂತವಾಗಿದೆ. ಬೆಳಗ್ಗೆ ಎಂಟರ ಆಪರೇಷನ್ ಹನ್ನೊಂದಕ್ಕೆ ಹೋದರೆ ಎರಡು ವರ್ಷದ ಮಗು ಹನ್ನೊಂದು ತಾಸು ನೀರಿಲ್ಲದೆ ಒದ್ದಾಡಿರುತ್ತದೆ. ಮಗುವಿನ ಜಠರದಿಂದ ನೀರು ಬಹುಬೇಗ ಖಾಲಿಯಾಗುತ್ತದೆ. ಯುರೋಪಿನ ಅರಿವಳಿಕೆ ಸಂಘದ 2022ರ ಮಾರ್ಗಸೂಚಿಯ ಪ್ರಕಾರ ಗಟ್ಟಿ ಊಟಕ್ಕೆ 6 ತಾಸು, ಪುಡಿ ಹಾಲಿಗೆ 4, ಎದೆಹಾಲಿಗೆ 3, ತಿಳಿ ದ್ರವಕ್ಕೆ 1 ತಾಸು ಅಂತರ ಸಾಕು. ಅಮೆರಿಕದವರು ಇನ್ನೂ ತಿಳಿ ದ್ರವಕ್ಕೆ 2 ತಾಸು ಎನ್ನುತ್ತಾರೆ, ಭಾರತದಲ್ಲಿ ಬಹುಪಾಲು ಅದೇ ನಡೆಯುತ್ತದೆ. ಯಾವುದನ್ನು ಪಾಲಿಸಿದರೂ ಹನ್ನೊಂದು ತಾಸಿಗೆ ಸಮರ್ಥನೆ ಇಲ್ಲ. ಕೊನೆಯ ಗುಟುಕಿನ ಅಳತೆ ಕಿಲೋಗೆ 3 ಮಿಲಿ. 14 ಕಿಲೋಗೆ ಸುಮಾರು 40 ಮಿಲಿ ಸಕ್ಕರೆ ನೀರು ಅಥವಾ ಗ್ಲೂಕೋಸ್ ನೀರು. ತಿಳಿ ದ್ರವ ಎಂದರೆ ಲೋಟದ ಆಚೆಯದು ಕಾಣುವಂಥದ್ದು. ಮಜ್ಜಿಗೆ, ಗಂಜಿ, ಚಹಾಕ್ಕೆ ಬೆರೆಸಿದ ಹಾಲು ಯಾವುದೂ ಅಲ್ಲ.

ಇದಕ್ಕೆ ಹೊರತೂ ಇದೆ. ದೊಡ್ಡ ಗೆಡ್ಡೆ ಜಠರವನ್ನು ಒತ್ತುತ್ತಿದ್ದರೆ, ಕರುಳು ಕಟ್ಟಿದ್ದರೆ, ವಿನ್‌ಕ್ರಿಸ್ಟಿನ್‌ನಿಂದ ನಾಲ್ಕು ದಿನ ಮಲವೇ ಆಗಿಲ್ಲದಿದ್ದರೆ, ಅರಿವಳಿಕೆ ವೈದ್ಯರು ಅಂತರ ಹೆಚ್ಚಿಸುತ್ತಾರೆ. ಆ ಮಲಬದ್ಧತೆಯ ವಿಷಯವನ್ನು ಹಿಂದಿನ ದಿನ ಅಮ್ಮಂದಿರು ತಾವಾಗಿಯೇ ಹೇಳಬೇಕು. ಆಪರೇಷನ್ ಗಡಿಬಿಡಿಯಲ್ಲಿ ಯಾರೂ ಕೇಳುವುದಿಲ್ಲ.

ಆಪರೇಷನ್ ಥಿಯೇಟರಿನೊಳಗಿನದ್ದು ಪರಿಣತರ ಪಾಲು, ಹೆಚ್ಚು ಹೇಳುವುದಿಲ್ಲ. ಒಂದು ಸಂಗತಿ ಮಾತ್ರ ಕ್ಯಾನ್ಸರ್ ಮಕ್ಕಳಿಗೇ ಸೇರಿದ್ದು. ವಾಂತಿ ತಡೆಯಲು ಎಲ್ಲರಿಗೂ ವಾಡಿಕೆಯಂತೆ ಹಾಕುವ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್, ಲಿಂಫೋಮಾ (ದುಗ್ಧ ಗ್ರಂಥಿಯ ಕ್ಯಾನ್ಸರ್) ಮತ್ತು ರಕ್ತಕ್ಯಾನ್ಸರುಗಳಿಗೆ ಚಿಕಿತ್ಸೆಯೂ ಹೌದು. ರೋಗ ಯಾವುದೆಂದು ಇನ್ನೂ ಗೊತ್ತಾಗದ ಗಂಟಿನ ಬಯಾಪ್ಸಿಗೆ ಬಂದ ಮಗುವಿಗೆ ಅದನ್ನು ಕೊಟ್ಟರೆ ಗೆಡ್ಡೆಯ ಕಣಗಳು ಒಮ್ಮೆಲೇ ಒಡೆದು ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಬಯಾಪ್ಸಿಯ ತುಣುಕು ಏನನ್ನೂ ಹೇಳದೆ ಹೋಗಬಹುದು. ತದ್ವಿರುದ್ಧವಾಗಿ, ತಿಂಗಳುಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡ ಮಗುವಿಗೆ ಆಪರೇಷನ್ ದಿನ ಹೆಚ್ಚುವರಿ ಹೈಡ್ರೋಕಾರ್ಟಿಸೋನ್ ಬೇಕಾಗಬಹುದು. ಬ್ಲಿಯೋಮೈಸಿನ್ ಎಂಬ ಕೀಮೋ ಔಷಧ ಪಡೆದ ಹದಿಹರೆಯದವರಿಗೆ ಅಗತ್ಯಕ್ಕಿಂತ ಹೆಚ್ಚು ಆಮ್ಲಜನಕ ಶ್ವಾಸಕೋಶಕ್ಕೆ ಕೆಡುಕು. ಹಳೆಯ ಕೀಮೋ ಚಾರ್ಟು ಅರಿವಳಿಕೆ ವೈದ್ಯರ ಕೈಯಲ್ಲಿ ಇರಬೇಕು ಎನ್ನುವುದು ಇದಕ್ಕೇ.

ನೋವು ಇಳಿದರೆ ಉಸಿರು ಆಡುತ್ತದೆ

ಮೂತ್ರಪಿಂಡದ ಗೆಡ್ಡೆಗೆ ಹೊಟ್ಟೆಯ ಅಡ್ಡಕ್ಕೆ ಉದ್ದನೆಯ ಗಾಯ ಬೀಳುತ್ತದೆ. ನೋವಿದ್ದರೆ ಮಗು ಮೇಲಿಂದ ಮೇಲೆ ಸಣ್ಣ ಉಸಿರು ಎಳೆಯುತ್ತದೆ, ಕೆಮ್ಮುವುದಿಲ್ಲ. ಶ್ವಾಸಕೋಶದ ತಳ ಮುದುಡಿಕೊಳ್ಳುತ್ತದೆ, ಎರಡನೇ ಮೂರನೇ ದಿನ ಜ್ವರ, ಆಮೇಲೆ ನ್ಯುಮೋನಿಯಾ. ನೋವು ನಿಭಾಯಿಸುವುದು ಕರುಣೆಯ ವಿಷಯ ಮಾತ್ರವಾಗಿ ಉಳಿದರೆ ಅದಕ್ಕೆ ಸಿಗಬೇಕಾದ ತುರ್ತು ಸಿಗುವುದಿಲ್ಲ.

ಬೆನ್ನಿನ ಮೂಲಕ ನೋವಿನ ಔಷಧ ಬಿಡುವ ಎಪಿಡ್ಯೂರಲ್ ನಳಿಕೆ ಎರಡು ಮೂರು ದಿನ ಅದ್ಭುತವಾಗಿ ಕೆಲಸ ಮಾಡುತ್ತದೆ, ಪ್ಲೇಟ್‌ಲೆಟ್ ಸಾಕಷ್ಟಿದ್ದರೆ. ಎಡವಟ್ಟಾಗುವುದು ಅದನ್ನು ತೆಗೆಯುವ ದಿನ. ಬೆಳಗ್ಗೆ ರೌಂಡ್ಸಿನಲ್ಲಿ ‘ಬಂದ್ ಮಾಡಿ’ ಎನ್ನುತ್ತಾರೆ, ಬಾಯಿಯ ಔಷಧ ಮಧ್ಯಾಹ್ನ ಬರುತ್ತದೆ, ನಡುವಿನ ನಾಲ್ಕು ತಾಸಿನಲ್ಲಿ ಮಗು ನರಳಿ ಮುದುಡಿ ಮಲಗಿಬಿಡುತ್ತದೆ. ಆ ದಿನದ ನಡಿಗೆ, ಊಟ ಎರಡೂ ಹೋಯಿತು. ನಳಿಕೆ ನಿಲ್ಲಿಸುವ ಒಂದು ತಾಸು ಮೊದಲೇ ಮುಂದಿನ ಔಷಧ ಹೊಟ್ಟೆಯಲ್ಲಿರಬೇಕು.

ತಳಪಾಯ ಪ್ಯಾರಾಸಿಟಮಾಲ್. ಕಿಲೋಗೆ 15 ಮಿಲಿಗ್ರಾಂ, 6 ತಾಸಿಗೊಮ್ಮೆ, ಮೊದಲ ಎರಡು ಮೂರು ದಿನ ಅತ್ತರೂ ಅಳದಿದ್ದರೂ ಗಡಿಯಾರ ನೋಡಿ ಕೊಡಬೇಕು. 10 ಕಿಲೋ ಮಗುವಿಗೆ 150 ಮಿಲಿಗ್ರಾಂ. ಇಲ್ಲೊಂದು ಅಪಾಯ ಕಾದಿರುತ್ತದೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಈ ಔಷಧ ಮುಖ್ಯವಾಗಿ ಮೂರು ಗಾಢತೆಯಲ್ಲಿ ಸಿಗುತ್ತದೆ: 5 ಮಿಲಿಗೆ 120 ಮಿಲಿಗ್ರಾಂ, 5 ಮಿಲಿಗೆ 250 ಮಿಲಿಗ್ರಾಂ, ಮತ್ತು 1 ಮಿಲಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್. ಅದೇ 150 ಮಿಲಿಗ್ರಾಂಗೆ ಮೊದಲನೆಯದರಲ್ಲಿ ಆರೂಕಾಲು ಮಿಲಿ, ಎರಡನೆಯದರಲ್ಲಿ 3, ಡ್ರಾಪ್ಸಿನಲ್ಲಿ ಒಂದೂವರೆ. ‘ಆರು ಮಿಲಿ’ ಎಂದಷ್ಟೇ ನೆನಪಿಟ್ಟುಕೊಂಡು ಬಾಟಲಿ ಬದಲಾದರೆ ನಾಲ್ಕು ಪಟ್ಟು ಔಷಧ ಹೋಗುತ್ತದೆ. ಆಕ್ಟಿನೋಮೈಸಿನ್ ಆಗಲೇ ಪಿತ್ತಜನಕಾಂಗವನ್ನು ದಣಿಸಿರುವಾಗ ಇದು ಸಣ್ಣ ತಪ್ಪಲ್ಲ. ಚೀಟಿಯಲ್ಲಿ ಮಿಲಿಗ್ರಾಂ, ಮಿಲಿ, ಬಾಟಲಿಯ ಗಾಢತೆ ಮೂರನ್ನೂ ಬರೆಸಿಕೊಳ್ಳಿ.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಔಷಧಗಳು ಬೇರೆ ಮಕ್ಕಳಿಗೆ ಒಳ್ಳೆಯವು. ಒಂದೇ ಮೂತ್ರಪಿಂಡ ಉಳಿದಿರುವ, ಪ್ಲೇಟ್‌ಲೆಟ್ ಇಳಿಯಲಿರುವ ಮಗುವಿಗೆ ಸಾಮಾನ್ಯವಾಗಿ ದೂರ ಇಡುತ್ತಾರೆ. ಕೊಡೀನ್ ಮತ್ತು ಟ್ರಮಡಾಲ್ 12 ವರ್ಷದೊಳಗೆ ಬೇಡ ಎಂದು ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಹೇಳಿದರು. ಕೆಲವು ಮಕ್ಕಳ ದೇಹ ಇವನ್ನು ಅತಿ ವೇಗವಾಗಿ ಪ್ರಬಲ ರೂಪಕ್ಕೆ ತಿರುಗಿಸಿ ಉಸಿರು ನಿಲ್ಲಿಸಿಬಿಟ್ಟದ್ದು ಅದಕ್ಕೆ ಕಾರಣ. ಬೇಕಾದಾಗ ಅಳತೆಯ ಮಾರ್ಫಿನ್ ಹೆಚ್ಚು ನಂಬಿಕಸ್ಥ. ‘ಚಟ ಹಿಡಿಯುತ್ತಾ?’ ಎಂಬ ಅಜ್ಜಿಯ ಪ್ರಶ್ನೆಗೆ ಉತ್ತರ: ಆಪರೇಷನ್ ನೋವಿಗೆ ಕೆಲವೇ ದಿನ ಅಳೆದು ಕೊಟ್ಟು ಇಳಿಸುವಾಗ ಆ ಭಯಕ್ಕಿಂತ ಮಲಬದ್ಧತೆಯ ಭಯವೇ ಹೆಚ್ಚು ನಿಜ. ವಿನ್‌ಕ್ರಿಸ್ಟಿನ್ ಮೇಲೆ ಮಾರ್ಫಿನ್ ಬಿದ್ದರೆ ಕರುಳು ನಿಂತೇಹೋಗುತ್ತದೆ. ಬಾಯಿಗೆ ಕೊಡಲು ಅಪ್ಪಣೆಯಾದ ದಿನದಿಂದಲೇ ಮಲ ಸಡಿಲಿಸುವ ಔಷಧ ಜೊತೆಗಿರಲಿ. ರಕ್ತಕಣ ಇಳಿದಿರುವ ಮಗುವಿಗೆ ಎನಿಮಾ, ಗುದದ್ವಾರದಲ್ಲಿಡುವ ಮಾತ್ರೆ, ಅಲ್ಲಿಂದ ಜ್ವರ ನೋಡುವುದು ಯಾವುದೂ ಕೂಡದು. ಸಣ್ಣ ಗೀರಿನಿಂದಲೂ ರಕ್ತಕ್ಕೆ ಸೋಂಕು ಏರುತ್ತದೆ.

ಮಾತು ಬಾರದ ಮಗುವಿನ ನೋವು ಅಳೆಯಲು ಐದು ಗುರುತುಗಳಿವೆ: ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನಕ್ಕೆ ಒಲಿಯುವ ಪರಿ. ಪ್ರತಿಯೊಂದಕ್ಕೂ 0ಯಿಂದ 2, ಒಟ್ಟು 10. ನಾಲ್ಕು ದಾಟಿದರೆ ಔಷಧ ಬೇಕು. ಸುಮ್ಮನೆ ಮಲಗಿದ ಮಗುವನ್ನು ನೋಡಿ ಸೊನ್ನೆ ಬರೆಯುವುದು ಸಾಮಾನ್ಯ ತಪ್ಪು. ನೋವಿಗೆ ಹೆದರಿ ಅಲುಗದೆ ಮಲಗಿದ ಮಗುವೂ ಹಾಗೇ ಕಾಣುತ್ತದೆ. ಪಕ್ಕಕ್ಕೆ ಹೊರಳಿಸುವಾಗ, ಕೆಮ್ಮುವಾಗ ಅಳೆಯಬೇಕು.

ಡ್ರಿಪ್ಪಿನ ಲೆಕ್ಕ ಸರಳ: ಮೊದಲ 10 ಕಿಲೋದಲ್ಲಿ ಪ್ರತಿ ಕಿಲೋಗೆ ತಾಸಿಗೆ 4 ಮಿಲಿಯಂತೆ, ಮುಂದಿನ ಹತ್ತಕ್ಕೆ 2ರಂತೆ. 14 ಕಿಲೋಗೆ 48 ಮಿಲಿ. ಆಪರೇಷನ್ನಿನ ಒತ್ತಡದಲ್ಲಿ ದೇಹ ನೀರು ಹಿಡಿದಿಟ್ಟುಕೊಳ್ಳುವುದರಿಂದ ಹಲವು ತಂಡಗಳು ಇದರ ಮೂರನೇ ಎರಡು ಭಾಗವಷ್ಟೇ ಕೊಡುತ್ತವೆ, ಅದೂ ರಕ್ತದಷ್ಟೇ ಸೋಡಿಯಂ ಇರುವ ದ್ರವವನ್ನು. ಉಪ್ಪು ಕಡಿಮೆ ಇರುವ ಹಳೆಯ ಕಾಲದ ಬಾಟಲಿಗಳಿಂದ ಸೋಡಿಯಂ ಇಳಿದು ಫಿಟ್ಸ್ ಬಂದ ಮಕ್ಕಳಿದ್ದಾರೆ. ಅತಿಯಾದರೆ ಕರುಳಿನ ಗೋಡೆ ಊದಿಕೊಂಡು ಊಟ ತಡವಾಗುತ್ತದೆ. ಮೂತ್ರ ತಾಸಿಗೆ ಕಿಲೋಗೆ ಒಂದು ಮಿಲಿ ಹತ್ತಿರ ಬರುತ್ತಿದ್ದರೆ ಡ್ರಿಪ್ ಏರಿಸಬೇಕಿಲ್ಲ. ಮಗು ಕುಡಿಯಲು ಶುರು ಮಾಡಿದಷ್ಟೂ ಇಳಿಸಬೇಕು. ಅದನ್ನು ಮರೆತು ಎರಡೂ ಕಡೆಯಿಂದ ನೀರು ಹೋಗುತ್ತಿರುವುದು ಸರ್ವೇಸಾಮಾನ್ಯ.

‘ಮಲಗಿರ್ಲಿ ಬಿಡಿ ಸಿಸ್ಟರ್, ಪಾಪ’

ಆಪರೇಷನ್ ಸಂಜೆಯೇ ತಲೆದಿಂಬನ್ನು 30 ಡಿಗ್ರಿ ಎತ್ತರಿಸಿ, ಮರುದಿನ ಬೆಳಗ್ಗೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ಸಂಜೆ ಕುರ್ಚಿಗೆ, ಅದರ ಮರುದಿನ ಕಾರಿಡಾರಿಗೆ. ಇದು ಗುರಿ. ಅಡ್ಡ ಬರುವುದು ಬಹುಪಾಲು ಪ್ರೀತಿ. ಹೊಲಿಗೆ ಬಿಚ್ಚಿಕೊಂಡೀತೆಂಬ ಭಯಕ್ಕೆ ಹೊಟ್ಟೆಯ ಮೇಲೆ ಸಣ್ಣ ದಿಂಬು ಒತ್ತಿ ಹಿಡಿಯುವುದನ್ನು ಕಲಿಸಿದರೆ ಸಾಕು, ಮಗು ತಾನೇ ಅದನ್ನು ಅಪ್ಪಿಕೊಂಡು ಕೆಮ್ಮುತ್ತದೆ. ಏಳಿಸುವಾಗ ಕೈ ಹಿಡಿದು ಎಳೆಯಬಾರದು. ಮೊಣಕಾಲು ಮಡಚಿ, ಪೂರ್ತಿ ಮೈ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗೆ ಬಿಡುತ್ತ ಮೊಣಕೈ ಊರಿ ಏಳಬೇಕು. ಔಷಧ ಕೊಟ್ಟು ಅರ್ಧ ಮುಕ್ಕಾಲು ತಾಸಾದ ಮೇಲೆ ಎಬ್ಬಿಸಿದರೆ ಕೆಲಸ ಸುಲಭ.

ಮೂರು ಚೆಂಡಿನ ಉಸಿರಿನ ಯಂತ್ರವನ್ನು ಬಹಳ ಮನೆಗಳಲ್ಲಿ ಊದಿಸುತ್ತಾರೆ. ಅದನ್ನು ಊದಬಾರದು, ಒಳಗೆ ಎಳೆಯಬೇಕು. ತುಟಿ ಬಿಗಿಹಿಡಿದು ನಿಧಾನ ಎಳೆದು, ಚೆಂಡು ಮೇಲಿರುವಂತೆ ಎರಡು ಮೂರು ಸೆಕೆಂಡು ಹಿಡಿದು ಬಿಡುವುದು. ಎಚ್ಚರವಿರುವಾಗ ತಾಸಿಗೆ ಹತ್ತು ಸಲ. ಐದಾರು ವರ್ಷದ ಕೆಳಗಿನವರಿಗೆ ಅದು ಬರುವುದಿಲ್ಲ, ಸೋಪಿನ ಗುಳ್ಳೆ ಅಥವಾ ಕಾಗದದ ಗಿರಿಗಿಟ್ಟಲೆ ಸಾಕು, ಊದುವ ಮೊದಲು ಆಳವಾಗಿ ಎಳೆದುಕೊಳ್ಳಲೇಬೇಕಲ್ಲ.

ಊಟ ಶುರುವಾಗಲು ಕರುಳಿನ ಸದ್ದು ಕಾಯಬೇಕೆಂಬ ಹಳೆಯ ನಿಯಮ ಸಡಿಲಾಗಿದೆ. ಕರುಳಿಗೆ ಹೊಲಿಗೆ ಬೀಳದ ವಿಲ್ಮ್ಸ್ ಆಪರೇಷನ್ನಿನಲ್ಲಿ ಮರುದಿನವೇ ಗುಟುಕು ನೀರು, ಒಪ್ಪಿದರೆ ಗಂಜಿ, ಇಡ್ಲಿ. ಮನೆಯವರ ಪಥ್ಯದ ಪಟ್ಟಿ ಇಲ್ಲಿ ಎದುರಾಗುತ್ತದೆ: ಬದನೆಕಾಯಿ ನಂಜು, ಮೊಟ್ಟೆ ನಂಜು, ಮೊಸರು ಶೀತ, ಬೇಳೆ ವಾಯು. ಎಲ್ಲ ಕಳೆದರೆ ಉಳಿಯುವುದು ಅನ್ನ ಮತ್ತು ತಿಳಿಸಾರು. ಬದನೆಕಾಯಿ ಬಿಟ್ಟರೆ ನಷ್ಟವಿಲ್ಲ, ಆ ಜಗಳ ಬೇಡ. ಮೊಟ್ಟೆ, ಬೇಳೆ, ಹಾಲು ಬಿಟ್ಟರೆ ಗಾಯ ಕೂಡಲು ಸಾಮಗ್ರಿಯೇ ಇರುವುದಿಲ್ಲ. ಅಜ್ಜಿಯ ಎದುರೇ, ಅಜ್ಜಿಗೇ ಇದನ್ನು ಹೇಳುವ ಡಯಟೀಷಿಯನ್ ಗೆಲ್ಲುತ್ತಾರೆ. ಅಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಅಡುಗೆಮನೆ ತಲುಪುವುದಿಲ್ಲ.

ಈಗ, ಬೇಗ ಊಟ ಕೊಡುವುದರ ಇನ್ನೊಂದು ಮಗ್ಗುಲು. ಎರಡನೇ ದಿನ ಚೆನ್ನಾಗಿ ತಿಂದ ಮಗು ನಾಲ್ಕನೇ ಐದನೇ ದಿನ ವಾಂತಿ ಶುರು ಮಾಡಿ, ವಾಂತಿ ಹಸಿರಾದರೆ, ‘ಜಾಸ್ತಿ ತಿಂತು’ ಎಂದು ಬಿಡಬಾರದು. ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನಿನ ಕಡೆಯ ಗೋಡೆಗೆ ಹತ್ತಿಕೊಂಡು ಮಾಡುವ ಇಂಥ ಆಪರೇಷನ್ನಿನ ನಂತರ ಸಣ್ಣ ಕರುಳು ತನ್ನೊಳಗೇ ತೂರಿಕೊಳ್ಳುವುದುಂಟು, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಪುಸ್ತಕದಲ್ಲಿರುವ ರಕ್ತ ಬೆರೆತ ಮಲ ಇಲ್ಲಿ ಕಾಣದೇ ಇರಬಹುದು. ದೊಡ್ಡ ಕರುಳನ್ನು ತಲುಪದ ತೂರುವಿಕೆಯಾದ್ದರಿಂದ ಎನಿಮಾದಿಂದ ಬಿಡಿಸಲೂ ಆಗುವುದಿಲ್ಲ. ಅಲ್ಟ್ರಾಸೌಂಡ್ ಮಾಡಿ ಹುಡುಕಬೇಕು, ಬಹುಪಾಲು ಮತ್ತೆ ಹೊಟ್ಟೆ ತೆರೆಯಬೇಕು. ಆಪರೇಷನ್ನಿನ ನಂತರ ಹೊಟ್ಟೆಯೊಳಗೆ ಬೆಳೆಯುವ ಅಂಟುಗಳಿಂದಲೂ ಕರುಳು ಕಟ್ಟುತ್ತದೆ. ಅಮೆರಿಕದ ರಾಷ್ಟ್ರೀಯ ವಿಲ್ಮ್ಸ್ ಅಧ್ಯಯನದ ನಾಲ್ಕನೇ ಸುತ್ತಿನಲ್ಲಿ 100ಕ್ಕೆ 5 ಮಕ್ಕಳಲ್ಲಿ ಹೀಗೆ ಕರುಳು ಕಟ್ಟಿತ್ತು. ಇನ್ನೊಂದು, ಊಟ ಶುರುವಾದ ಮೇಲೆ ಹೊಟ್ಟೆಯೊಳಗಿನ ನೀರು ಹೊರಬರಲು ಇಟ್ಟ ಡ್ರೈನ್ ಚೀಲದ ತಿಳಿ ನೀರು ಹಾಲಿನಂತಾಗುವುದು. ಅದು ಕೀವಲ್ಲ, ದುಗ್ಧ ಗ್ರಂಥಿ ತೆಗೆದ ಕಡೆ ಕೊಬ್ಬಿನ ರಸ ಸೋರುತ್ತಿದೆ. ಕೆಲವು ವಾರ ಕೊಬ್ಬು ಬಿಟ್ಟ ವಿಶೇಷ ಆಹಾರ ಕೊಟ್ಟರೆ ಹೆಚ್ಚಿನವು ತಾವೇ ನಿಲ್ಲುತ್ತವೆ, ತುಪ್ಪದ ಗಂಜಿಯನ್ನು ಅಷ್ಟು ದಿನ ನಿಲ್ಲಿಸಬೇಕು.

ಕಾಲು, ಮತ್ತು ಹದಿನಾರರ ವಯಸ್ಸು

ಮೂಳೆ ಗೆಡ್ಡೆಯ ಹುಡುಗ ಹುಡುಗಿಯರಿಗೆ ಆಪರೇಷನ್ ಮುಂಚಿನ 10 ವಾರ ಚಿನ್ನದಂಥ ಸಮಯ. ಊರುಗೋಲಿನಲ್ಲಿ ನಡೆಯುವುದನ್ನು ನೋವಿಲ್ಲದಾಗಲೇ ಕಲಿಸಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆಗುವ ಕಾಲು ಮೊದಲು. ತೊಡೆಯ ಸ್ನಾಯು ಬಿಗಿದು ಬಿಡುವುದು, ತೋಳಿಗೆ ಬಲ ತುಂಬುವುದು ಆಗಲೇ ಶುರುವಾಗಲಿ.

ಆಪರೇಷನ್ ಆದ ಮೇಲೆ ಒಂದೇ ವಾರ್ಡಿನಲ್ಲಿ ಇಬ್ಬರಿಗೆ ತದ್ವಿರುದ್ಧ ಸಲಹೆ ಸಿಗುತ್ತದೆ. ತೊಡೆಮೂಳೆಯ ಕೆಳತುದಿ ತೆಗೆದು ಲೋಹದ ಕೀಲು ಹಾಕಿದವರು ಗಾಯ ಒಪ್ಪಿದ ಕೂಡಲೇ ಮೊಣಕಾಲು ಮಡಚಲು ಶುರು ಮಾಡಬೇಕು, ಇಲ್ಲದಿದ್ದರೆ ಬಿಗಿಯುತ್ತದೆ. ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿ ತೆಗೆದವರಲ್ಲಿ ಮಂಡಿಚಿಪ್ಪಿನ ಸ್ನಾಯುರಜ್ಜುವನ್ನು ಹೊಸದಾಗಿ ಕೂಡಿಸಿರುತ್ತಾರೆ. ಅದು ಅಂಟಲು ಸುಮಾರು 6 ವಾರ ಕಾಲು ನೇರ ಪಟ್ಟಿಯಲ್ಲೇ ಇರಬೇಕು. ಪಕ್ಕದ ಮಂಚದವನನ್ನು ನೋಡಿ ಇವನೂ ಮಡಚಿದರೆ ಮುಂದೆ ಕಾಲನ್ನು ತಾನಾಗಿ ನೇರ ಮಾಡುವ ಶಕ್ತಿಯೇ ಹೋಗಬಹುದು. ಕಾರಣ ಹೇಳಿದರೆ ಹದಿಹರೆಯದವರು ಕೇಳುತ್ತಾರೆ, ಬರೀ ‘ಮಡಚಬೇಡ’ ಎಂದರೆ ಕೇಳುವುದಿಲ್ಲ. ಕಾಲು ತೆಗೆದವರಿಗೆ ಉಳಿದ ತೊಡೆಯ ಕೆಳಗೆ ದಿಂಬು ಇಡಬೇಡಿ, ಎಷ್ಟೇ ಹಿತವಾದರೂ; ಸೊಂಟದ ಕೀಲು ಮಡಚಿಯೇ ಬಿಗಿದು ಕೃತಕ ಕಾಲು ಕೂರುವುದಿಲ್ಲ. ದಿನಕ್ಕೆರಡು ಮೂರು ಸಲ ಬೋರಲು ಮಲಗಿಸಬೇಕು. ಇಲ್ಲದ ಪಾದ ನೋಯುತ್ತದೆ ಎಂದರೆ ಅದು ನಿಜವಾದ ನೋವು, ಅದಕ್ಕೆ ಬೇರೆ ಔಷಧವಿದೆ, ಕನ್ನಡಿಯ ಮುಂದೆ ಮಾಡಿಸುವ ವ್ಯಾಯಾಮವಿದೆ. ದೊಡ್ಡ ಮಕ್ಕಳಲ್ಲಿ, ಅದರಲ್ಲೂ ಎದೆಯ ರಕ್ತನಾಳದಲ್ಲಿ ಕೀಮೋ ನಳಿಕೆ ಇದ್ದವರಲ್ಲಿ, ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಒಂದೇ ಕಾಲು ಅಥವಾ ಒಂದೇ ಕೈ ಊದಿದರೆ ತಡಮಾಡಬಾರದು.

ಹದಿಹರೆಯದವರು ನೋವು ಮುಚ್ಚಿಡುತ್ತಾರೆ, ಅಪ್ಪ ಅಮ್ಮ ಹೆದರಬಾರದೆಂದು. ದಿನಕ್ಕೊಮ್ಮೆಯಾದರೂ ಮನೆಯವರಿಲ್ಲದೆ ಅವರೊಡನೆ ಮಾತಾಡಬೇಕು. ಪರದೆ ಎಳೆದು ಡ್ರೆಸಿಂಗ್ ಮಾಡುವುದು ಸೌಜನ್ಯದ ಕನಿಷ್ಠ. ಎಸ್ಸೆಸ್ಸೆಲ್ಸಿಯ ವರ್ಷವಾಗಿದ್ದರೆ ಆ ಚಿಂತೆ ಗಾಯಕ್ಕಿಂತ ದೊಡ್ಡದು. ಕರ್ನಾಟಕದಲ್ಲಿ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ನೋಂದಣಿ ತಪ್ಪದಂತೆ ಶಾಲೆಗೆ ಆಸ್ಪತ್ರೆಯ ಪತ್ರ ಮೊದಲೇ ಹೋಗಲಿ.

ತಲೆಯ ಆಪರೇಷನ್ ಬೇರೆಯೇ ಲೋಕ, ಒಂದು ಸಂಗತಿ ಮಾತ್ರ ಹೇಳಿ ಮುಂದೆ ಹೋಗುವೆವು. ಹಿಂದಲೆಯ ಮೆಡುಲ್ಲೊಬ್ಲಾಸ್ಟೋಮಾ ಎಂಬ ಮೆದುಳಿನ ಗೆಡ್ಡೆ ತೆಗೆದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು, ಎಚ್ಚರವಾದಾಗ ಮಾತಾಡಿದ್ದರೂ, ಒಂದೆರಡು ದಿನದಲ್ಲಿ ಪೂರ್ತಿ ಮೌನವಾಗುತ್ತಾರೆ, ಕಾರಣವಿಲ್ಲದೆ ಕಿರುಚುತ್ತಾರೆ. ಇದು ಹಟವಲ್ಲ, ದೃಷ್ಟಿ ತಗುಲಿದ್ದೂ ಅಲ್ಲ. ಮಾತು ವಾರಗಳಲ್ಲಿ, ತಿಂಗಳುಗಳಲ್ಲಿ ಮರಳುತ್ತದೆ, ಹಲವರಲ್ಲಿ ನಿಧಾನವಾದ ಉಚ್ಚಾರ ಉಳಿಯುತ್ತದೆ. ಇಂಥದ್ದಾಗಬಹುದೆಂದು ಆಪರೇಷನ್ ಮೊದಲೇ ಹೇಳಿರಬೇಕು. ನುಂಗುವ ಪರೀಕ್ಷೆ ಆಗದೆ ಬಾಯಿಗೆ ನೀರೂ ಹಾಕಬಾರದು.

ಊರಿಗೆ ಹೋದ ಮೇಲೆ

ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಬಂದ ಕುಟುಂಬಕ್ಕೆ ರಾತ್ರಿ ಜ್ವರ ಬಂದರೆ ಹತ್ತಿರ ಸಿಗುವುದು ತಾಲ್ಲೂಕು ಆಸ್ಪತ್ರೆ. ಅಲ್ಲಿನ ವೈದ್ಯರ ಮುಂದೆ ಇಡಲು ಡಿಸ್ಚಾರ್ಜ್ ಕಡತದ ಮೇಲೆ ಒಂದೇ ಪುಟದ ಕನ್ನಡದ ಚೀಟಿ ಇರಲಿ. ಯಾವ ಗೆಡ್ಡೆ, ಯಾವ ದಿನ ಯಾವ ಬದಿಯ ಮೂತ್ರಪಿಂಡ ತೆಗೆದರು, ಕೊನೆಯ ಕೀಮೋ ಯಾವಾಗ, ಮುಂದಿನದು ಯಾವಾಗ, ಕೊನೆಯ ರಕ್ತ ಪರೀಕ್ಷೆಯ ಮೂರು ಅಂಕಿ (ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್), ಮಗುವಿನ ತೂಕ.

ಅದರ ಕೆಳಗೆ ಜ್ವರದ ನಿಯಮ: ಒಮ್ಮೆ 101 ಡಿಗ್ರಿ, ಅಥವಾ ಒಂದು ತಾಸು 100.4 ಇದ್ದರೆ ಬೆಳಗಾಗುವವರೆಗೆ ಕಾಯದೆ ಹೊರಡಬೇಕು; ಬಿಳಿ ರಕ್ತಕಣ ಇಳಿದಿದ್ದರೆ ಆಸ್ಪತ್ರೆ ತಲುಪಿದ ಒಂದು ತಾಸಿನೊಳಗೆ ಆಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ಕೀಮೋ ಮತ್ತೆ ಶುರುವಾದ ಮೇಲೆ ಪ್ಯಾರಾಸಿಟಮಾಲ್ ಕೊಡುವ ಮುಂಚೆ ಪ್ರತಿಸಲ ಜ್ವರ ಅಳೆಯಬೇಕು, ಔಷಧ ಜ್ವರವನ್ನು ಮುಚ್ಚಿಬಿಡುತ್ತದೆ. ಗಾಯದಲ್ಲಿ ಕೀವಿಲ್ಲ ಎಂದು ಸಮಾಧಾನಪಡುವಂತಿಲ್ಲ. ಕೀವು ಎಂದರೆ ಬಹುಪಾಲು ಸತ್ತ ಬಿಳಿ ರಕ್ತಕಣ. ಅವೇ ಇಲ್ಲದ ಮಗುವಿನಲ್ಲಿ ಸೋಂಕು ಬರೀ ಕೆಂಪು, ಬಿಸಿ, ಮುಟ್ಟಿದರೆ ನೋವಾಗಿ ಕಾಣುತ್ತದೆ.

ಹಾಗೆಯೇ ದಪ್ಪಕ್ಷರದಲ್ಲಿ: ಜ್ವರಕ್ಕೆ ಡೈಕ್ಲೊಫೆನಾಕ್ ಇಂಜೆಕ್ಷನ್ ಬೇಡ. ಊರ ಕಡೆ ಜ್ವರಕ್ಕೆ ಸೊಂಟಕ್ಕೊಂದು ಸೂಜಿ ಚುಚ್ಚುವುದು ವಾಡಿಕೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಚುಚ್ಚಿದ ಜಾಗ ರಕ್ತ ಕಟ್ಟಿ ಊದುತ್ತದೆ, ಉಳಿದ ಒಂದೇ ಮೂತ್ರಪಿಂಡಕ್ಕೂ ಪೆಟ್ಟು. ವಾಂತಿ ಭೇದಿಯಾದರೆ ಅದೇ ಮೂತ್ರಪಿಂಡದ ಸಲುವಾಗಿ ಓಆರ್‌ಎಸ್ ಬೇಗ ಶುರು ಮಾಡಿ, ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡವನ್ನು ಮಕ್ಕಳ ಅಳತೆಯ ಪಟ್ಟಿಯಲ್ಲೇ ನೋಡಬೇಕು. ದೊಡ್ಡವರ ಪಟ್ಟಿ ಸುತ್ತಿದರೆ ಕಡಿಮೆ ತೋರಿಸಿ, ಏರಿದ ಒತ್ತಡ ತಪ್ಪಿಹೋಗುತ್ತದೆ. ಚೀಟಿಯ ಕೊನೆಯ ಸಾಲಿನಲ್ಲಿ ವಾರ್ಡಿನ ಫೋನ್ ನಂಬರ್. ಡಿಸ್ಚಾರ್ಜ್ ಆಗುವ ಮೊದಲೇ ಅಪ್ಪನ ಫೋನಿನಿಂದ ಒಮ್ಮೆ ಕರೆ ಮಾಡಿ, ಆ ಕಡೆ ಯಾರಾದರೂ ಎತ್ತುತ್ತಾರೆಯೇ ಎಂದು ನೋಡಿಕೊಳ್ಳಿ.